ಹೆಸರಿಲ್ಲದ ಹಳ್ಳ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಕಳೆದ ಗೋಷ್ಠಿಯ ಕೊನೆಯಲ್ಲಿ ತರುಣರೊಬ್ಬರು ಎದ್ದು ನಿಂತು, "ಅಪ್ಪಗಳು ಹಿಮಾಲಯದಲ್ಲಿ ಒಬ್ಬರೇ ನಡೆದು ಹೋಗಿದ್ದರಂತೆ, ನಿಜವೇ? ನಿಜವಾದರೆ ಏಕೆ ಹೋದರು?" ಎಂದು ಕೇಳಿದರು. ಆಗ ನಾವು, ಹೊತ್ತಾಗಿದೆ, ಪ್ರಸಾದಕ್ಕೆ ಏಳಿರಿ ಎಂದುಬಿಟ್ಟೆವು. ಹೊತ್ತಾಗಿತ್ತೆಂಬುದು ನೆಪ. ಆ ಪ್ರಶ್ನೆಗೆ ಉತ್ತರ ಹೇಳುವುದಾದರೆ ನಮ್ಮದೊಂದು ಅವಿವೇಕವನ್ನೂ ಕೂಡಿಸಿಯೇ ಹೇಳಬೇಕು. ಪೀಠದ ಮೇಲೆ ಕುಳಿತವರಿಗೆ ತಮ್ಮ ಅವಿವೇಕವನ್ನು ಮುಚ್ಚಿಡುವುದು ಬಹಳ ಸುಲಭ, ಏಕೆಂದರೆ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಆದರೆ ಆ ತರುಣರು ಇಂದೂ ಬಂದು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಆದ್ದರಿಂದ ಹೇಳಿಬಿಡುತ್ತೇವೆ.

2019ರಲ್ಲಿ ನಮಗೆ ಐವತ್ತು ತುಂಬಿತು. ಅದೇ ವರ್ಷ ನಮ್ಮ ಪ್ರಸಾದನಿಲಯದ ಐದನೆಯ ಇಯತ್ತೆಯ ಹುಡುಗನೊಬ್ಬ, ನಾವು ಕಾರಿನಿಂದ ಇಳಿಯುವಾಗ ಹತ್ತಿರ ಬಂದು, "ಅಪ್ಪಾರ, ನಿಮ್ಮ ಚೀಲಾ ನೀವ್ಯಾಕ ಹಿಡಿಯಂಗಿಲ್ಲ?" ಎಂದ. ಸೇವಕರು ಅವನನ್ನು ಗದರಿಸಿದರು. ನಾವು ನಕ್ಕೆವು. ಆದರೆ ರಾತ್ರಿ ನಿದ್ರೆ ಬರಲಿಲ್ಲ. ಚಿಕ್ಕಂದಿನಲ್ಲಿಯೇ ಮಠಕ್ಕೆ ಬಂದವರು ನಾವು. ಪಾಠಶಾಲೆಯಲ್ಲಿ ಇದ್ದಾಗ ನೀರು ಹೊತ್ತೆವು, ಕಟ್ಟಿಗೆ ಹೊತ್ತೆವು. ಪಟ್ಟವಾದ ದಿನದಿಂದ ಒಂದು ಛತ್ರಿಯನ್ನೂ ಹೊತ್ತಿಲ್ಲ. ಅಡ್ಡಪಲ್ಲಕ್ಕಿಯಲ್ಲಿ ಕುಳಿತು ವೈರಾಗ್ಯದ ವಿಷಯವನ್ನು ನಾವು ಎಷ್ಟೋ ಊರುಗಳಲ್ಲಿ ಬೋಧಿಸಿದ್ದೇವೆ. ಆ ವೈರಾಗ್ಯದ ಭಾರವೆಲ್ಲ ಪಲ್ಲಕ್ಕಿ ಹೊತ್ತ ಎಂಟು ಮಂದಿಯ ಹೆಗಲಿನ ಮೇಲಿತ್ತೆಂಬುದು ಆ ರಾತ್ರಿಯವರೆಗೆ ನಮಗೆ ಹೊಳೆದಿರಲಿಲ್ಲ. ಕೆಲವು ದಿನವಾದರೂ ನಮ್ಮ ಚೀಲವನ್ನು ನಾವೇ ಹೊತ್ತು, ಸೇವಕರಿಲ್ಲದೆ, ಜಯಕಾರವಿಲ್ಲದೆ ನಡೆಯಬೇಕು ಎನಿಸಿತು. ಕರ್ನಾಟಕದಲ್ಲಿ ಅದು ಸಾಧ್ಯವಿಲ್ಲ. ಹತ್ತು ಹೆಜ್ಜೆ ಇಡುವುದರೊಳಗೆ ಯಾರಾದರೂ ಗುರುತಿಸಿ ಚೀಲ ಕಸಿದುಕೊಳ್ಳುತ್ತಾರೆ. ಆದ್ದರಿಂದ ದೂರದ ಹಾದಿ ಬೇಕಾಯಿತು.

ಕೇದಾರವನ್ನೇ ಏಕೆ ಆರಿಸಿಕೊಂಡಿರಿ, ಶರಣರು ತೀರ್ಥಕ್ಷೇತ್ರಗಳ ವಿಷಯದಲ್ಲಿ ಏನು ಹೇಳಿದ್ದಾರೆಂಬುದು ನಿಮಗೆ ಗೊತ್ತಿಲ್ಲವೇ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ಕೇಳುತ್ತಿರಬಹುದು. ಗೊತ್ತಿದೆ. ಪುಣ್ಯಕ್ಕಾಗಿ ಹೋಗುತ್ತಿಲ್ಲ, ನಡೆಯುವುದಕ್ಕಾಗಿ ಹೋಗುತ್ತಿದ್ದೇವೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಅಕ್ಕಮಹಾದೇವಿಯವರು ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದರಲ್ಲ, ಚೀಲವೂ ಇಲ್ಲದೆ! ಆ ತಾಯಿಯ ನಡೆಗೂ ನಮ್ಮ ನಡೆಗೂ ಹೋಲಿಕೆಯಿಲ್ಲ. ಆದರೂ ನೆನಪಾಯಿತು. ಇನ್ನೊಂದು ಕಾರಣವೂ ಇತ್ತು. ಕೇದಾರದ ರಾವಲರು ನಮ್ಮ ಕರ್ನಾಟಕದ ವೀರಶೈವ ಜಂಗಮ ಪರಂಪರೆಯವರು. ಅಲ್ಲಿಯ ಅರ್ಚಕರೂ ಇಲ್ಲಿಂದಲೇ ಹೋದವರು. ಅಷ್ಟು ದೂರದ ಹಿಮದಲ್ಲಿ ಕನ್ನಡ ಮಾತನಾಡುವ ಬಾಯಿ ಸಿಗುತ್ತದೆಂಬ ಧೈರ್ಯ. ಒಬ್ಬರೇ ಹೋಗುತ್ತೇವೆಂದವರಿಗೂ ಇಷ್ಟು ಧೈರ್ಯದ ಆಸರೆ ಬೇಕಾಯಿತು ನೋಡಿರಿ.

ಚೀಲ ಕಟ್ಟುವುದೇ ಮೊದಲ ಪರೀಕ್ಷೆಯಾಯಿತು. ದಾಸೋಹದ ಉಗ್ರಾಣದ ತಕ್ಕಡಿಯಲ್ಲಿ ಇಟ್ಟಾಗ 17 ಕಿಲೋ ತೂಗಿತು. ಐವತ್ತರ ಮೊಣಕಾಲಿಗೆ ಅದು ಸಾಗುವ ಭಾರವಲ್ಲ. ಎರಡು ಗ್ರಂಥ ತೆಗೆದೆವು. ಮೂರನೆಯ ಜೊತೆ ಕಾವಿ ತೆಗೆದೆವು. ಕಟ್ಟಿಗೆಯ ಪಾದುಕೆಗಳನ್ನು ಸೇವಕರು ರೂಢಿಯಂತೆ ಒಳಗೆ ಇಟ್ಟಿದ್ದರು, ಅವನ್ನೂ ತೆಗೆದೆವು. ಪೂಜೆಯ ಹಿತ್ತಾಳೆಯ ಸಾಮಾನಿನಲ್ಲಿ ಒಂದು ಚಿಕ್ಕ ತಾಮ್ರದ ಗಿಂಡಿಯ ಹೊರತು ಎಲ್ಲವೂ ಹೊರಗೆ ಬಂತು. ಕೊನೆಗೆ 9 ಕಿಲೋಕ್ಕೆ ಇಳಿಯಿತು. ಉಳಿದದ್ದೆಂದರೆ ಒಂದು ಕಂಬಳಿ, ಉಣ್ಣೆಯ ಟೊಪ್ಪಿಗೆ, ಮಳೆಯಂಗಿ, ಕಟಕರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ವಿಭೂತಿ, ಬ್ಯಾಟರಿ. ಹೊರಗೆ ತೆಗೆದ ಎಂಟು ಕಿಲೋದಲ್ಲಿ ಒಂದು ವಸ್ತುವಾದರೂ ಹಾದಿಯಲ್ಲಿ ನಮಗೆ ನೆನಪಾಗಲಿಲ್ಲ.

ಉಖೀಮಠದಿಂದ ನಡೆಯಲು ತೊಡಗಿದೆವು. ಚಳಿಗಾಲದಲ್ಲಿ ಕೇದಾರದ ಬಾಗಿಲು ಮುಚ್ಚಿದಾಗ ಉತ್ಸವಮೂರ್ತಿ ಉಖೀಮಠಕ್ಕೆ ಬರುತ್ತದೆ. ವೈಶಾಖದಲ್ಲಿ ಡೋಲಿಯೊಳಗೆ ಕಾಲ್ನಡಿಗೆಯಿಂದಲೇ ಮರಳಿ ಮೇಲೆ ಹೋಗುತ್ತದೆ. ಅದೇ ಹಾದಿಯಲ್ಲಿ ಗುಪ್ತಕಾಶಿ, ಫಾಟಾ, ಸೋನಪ್ರಯಾಗ, ಗೌರೀಕುಂಡ ದಾಟಿ ಐದನೆಯ ದಿನ ಕೇದಾರ ಮುಟ್ಟಿದೆವು. ಆ ಐದು ದಿನಗಳ ಕಥೆ ಹೇಳುತ್ತ ಕುಳಿತರೆ ಬೆಳಗಾದೀತು. ತಲೆಯ ಮೇಲೆ ಹೆಲಿಕಾಪ್ಟರುಗಳು ಹಾರುತ್ತಿದ್ದವು, ಮಗ್ಗುಲಲ್ಲಿ ಹೇಸರಗತ್ತೆಗಳು ದಣಿದು ಏರುತ್ತಿದ್ದವು. ನೇಪಾಳದ ಹುಡುಗರು ಬೆನ್ನ ಮೇಲಿನ ಬುಟ್ಟಿಯಲ್ಲಿ ನಮ್ಮಂಥ ದೇಹಗಳನ್ನು ಕೂಡಿಸಿಕೊಂಡು ನಮಗಿಂತ ಬೇಗ ಹೋಗುತ್ತಿದ್ದರು. "ಬಾಬಾ, ಬುಟ್ಟಿ ಬೇಕೆ?" ಎಂದು ಕೇಳಿದ ಪ್ರತಿಯೊಬ್ಬನಿಗೂ ಬೇಡವೆನ್ನುವುದು ಎರಡನೆಯ ಪರೀಕ್ಷೆ.

ಕೇದಾರವು ಸಮುದ್ರಮಟ್ಟದಿಂದ 3,583 ಮೀಟರು ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಏರಿದ ದೇಹಕ್ಕೆ ಒಂದು ದಿನವಾದರೂ ವಿಶ್ರಾಂತಿ ಕೊಡಬೇಕೆಂದು ನಮ್ಮ ಭಕ್ತರಾದ ವೈದ್ಯರೊಬ್ಬರು ಹೇಳಿ ಕಳಿಸಿದ್ದರು. ಆ ವಿಶ್ರಾಂತಿಯ ದಿನ ಬರಿಗೈಯಲ್ಲಿ ದೇವಾಲಯದ ಹಿಂದಿನ ಮೊರಡಿಗಳನ್ನು ಹತ್ತಿ ಚೋರಾಬಾರಿಗೆ ಹೋದೆವು. ಹಿಮನದಿಯ ಮಗ್ಗುಲಲ್ಲಿ ಅಲ್ಲೊಂದು ಸರೋವರವಿತ್ತು. 1948ರಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ಅದರಲ್ಲಿ ವಿಸರ್ಜಿಸಿದ್ದರಿಂದ ಗಾಂಧಿ ಸರೋವರವೆಂದೂ ಅದನ್ನು ಕರೆಯುತ್ತಿದ್ದರು. ಹಿಮನದಿಯು ತಳ್ಳಿ ತಂದ ಕಲ್ಲುಮಣ್ಣಿನ ದಿಬ್ಬವೇ ಅದಕ್ಕೆ ಒಡ್ಡು. ಕರಗಿದ ಹಿಮವೂ ಮಳೆಯ ನೀರೂ ಒಳಗೆ ಬರುತ್ತಿದ್ದವು, ಹೊರಗೆ ಹರಿದುಹೋಗಲು ಕೋಡಿಯಿರಲಿಲ್ಲ. 2013ರ ಜೂನ್ ಮಧ್ಯದಲ್ಲಿ ಬಿಡದೆ ಮಳೆ ಸುರಿಯಿತು. 17ನೆಯ ತಾರೀಖು ಬೆಳಿಗ್ಗೆ ಒಡ್ಡು ಒಡೆದು ಇಡೀ ಸರೋವರ ಕೆಲವೇ ನಿಮಿಷಗಳಲ್ಲಿ ಬರಿದಾಯಿತು. ಕೆಳಗಿನ ಊರಿನ ಮೇಲೆ ನೀರೂ ಬಂಡೆಯೂ ಒಟ್ಟಿಗೆ ಬಂದವು. ಸಾವಿರಾರು ಜೀವಗಳು ಹೋದವು. ದೇವಾಲಯದ ಹಿಂದೆ ದೊಡ್ಡ ಬಂಡೆಯೊಂದು ಬಂದು ನಿಂತು ಪ್ರವಾಹ ಎರಡು ಕವಲಾದದ್ದರಿಂದ ಕಟ್ಟಡ ಉಳಿಯಿತು. ಹಾದಿಯ ಮಧ್ಯದ ರಾಮಬಾಡಾ ಎಂಬ ಊರು ಉಳಿಯಲಿಲ್ಲ. ನಾವು ಹೋದಾಗ ಆ ಸರೋವರದ ಜಾಗದಲ್ಲಿ ಒಣಗಿದ ಬೋಗುಣಿಯಂಥ ತಗ್ಗು, ಬೂದುಬಣ್ಣದ ಮರಳು, ಒಡೆದ ಒಡ್ಡಿನ ಬಾಯಿ ಇಷ್ಟೇ ಇದ್ದವು. ಬರೀ ಬರುವ ನೀರು, ಕೊಡುವ ಕೋಡಿಯಿಲ್ಲ; ಮಠಗಳೂ ಹೀಗಾಗುವುದುಂಟು ಎಂದು ಅಲ್ಲಿ ನಿಂತಾಗ ಅನಿಸಿತು. ಈ ಮಾತು ಇರಲಿ, ದಾಸೋಹದ ಲೆಕ್ಕ ಓದುವ ದಿನ ಹೇಳುತ್ತೇವೆ.

ಮರುದಿನ ಹೋಗಬೇಕಾದದ್ದು ಎರಡನೆಯ ಸರೋವರಕ್ಕೆ. ಅದರ ಹೆಸರು ವಾಸುಕಿತಾಲ. ಕೇದಾರದಿಂದ ಪಶ್ಚಿಮಕ್ಕೆ ಸುಮಾರು ಎಂಟು ಕಿಲೋಮೀಟರು. 4,100 ಮೀಟರಿಗೂ ಮೇಲಿನ ಎತ್ತರ. ನಡುವೆ ಸರೋವರಕ್ಕಿಂತಲೂ ಎತ್ತರವಾದ ಒಂದು ಏಣು. ಅದನ್ನು ಹತ್ತಿ ಆಚೆ ಇಳಿಯಬೇಕು, ಮತ್ತೆ ಅದನ್ನೇ ಹತ್ತಿ ಈಚೆ ಬರಬೇಕು. ಆ ಹಾದಿಯಲ್ಲಿ ಅಂಗಡಿಯಿಲ್ಲ, ಧರ್ಮಶಾಲೆಯಿಲ್ಲ. ಅಕ್ಟೋಬರ ತಿಂಗಳಾದ್ದರಿಂದ ಜನರೂ ಇಲ್ಲ. ಕೇದಾರದಲ್ಲಿ ಇದ್ದ ವೃದ್ಧ ಅರ್ಚಕರೊಬ್ಬರು, ಕಲಬುರ್ಗಿಯ ಕಡೆಯ ಮಾತಿನವರು, ಒಬ್ಬರೇ ಹೋಗಕೂಡದು, ಜೊತೆಗೆ ಹಾದಿ ಬಲ್ಲವನೊಬ್ಬನನ್ನು ಕೊಡುತ್ತೇನೆ ಎಂದರು. ಅವರ ಮಾತೇ ಸರಿ. ನಿಮ್ಮ ಮಕ್ಕಳಿಗೆ ನಾವೂ ಅದನ್ನೇ ಹೇಳುತ್ತೇವೆ. ಆದರೆ ಆಗ ನಾವು ಕೇಳಲಿಲ್ಲ. ಕೊನೆಗೆ ಅವರು ಎರಡು ಮಾತು ಕೊಡಿಸಿಕೊಂಡರು. ಗಡಿಯಾರದಲ್ಲಿ ಹನ್ನೆರಡಾದರೆ ಎಲ್ಲಿದ್ದರೂ ಅಲ್ಲಿಂದಲೇ ತಿರುಗಬೇಕು. ಐದು ಗಂಟೆಯೊಳಗೆ ಬಾರದಿದ್ದರೆ ಅವರು ಜನರನ್ನು ಕಳಿಸುತ್ತಾರೆ.

ಇನ್ನು ಅವಿವೇಕದ ವಿಷಯ. ಇಷ್ಟಲಿಂಗಪೂಜೆಯಾಗದೆ ನಾವು ನೀರನ್ನೂ ಮುಟ್ಟುವುದಿಲ್ಲವೆಂಬುದು ನಿಮಗೆ ಗೊತ್ತಿದ್ದುದೇ. ನಿತ್ಯದಂತೆ ನಸುಕಿನಲ್ಲಿ ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ ಹೊರಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೊರಡುವ ಮುನ್ನ ಇಲ್ಲಿ ಮಠದಲ್ಲಿ ಭಕ್ತರ ಮುಂದೆ, ವಾಸುಕಿತಾಲದ ಜಲದಿಂದ ಲಿಂಗಾಭಿಷೇಕ ಮಾಡಿ, ಆ ಜಲವನ್ನು ನಿಮಗೂ ತರುತ್ತೇವೆ ಎಂದು ಆಡಿಬಿಟ್ಟಿದ್ದೆವು. ಚಪ್ಪಾಳೆ ಬಿದ್ದಿತ್ತು. ಆ ಚಪ್ಪಾಳೆಯೂ ಚೀಲದಲ್ಲಿತ್ತು, ತಕ್ಕಡಿಯಲ್ಲಿ ತೂಗಿರಲಿಲ್ಲ ಅಷ್ಟೇ. ಆದ್ದರಿಂದ ಪೂಜೆಯನ್ನು ಸರೋವರದ ದಂಡೆಗೆ ಮುಂದೂಡಿದೆವು. ಕುಡಿಯುವಂತಿಲ್ಲವಾದ್ದರಿಂದ ನೀರಿನ ಭಾರವಾದರೂ ಏಕೆಂದು ಗಿಂಡಿಯನ್ನೂ ಬಾಟಲಿಯನ್ನೂ ಖಾಲಿ ಒಯ್ದೆವು.

ಐದು ಗಂಟೆಗೆ ಬ್ಯಾಟರಿಯ ಬೆಳಕಿನಲ್ಲಿ ಹೊರಟೆವು. ದೂಧಗಂಗೆ ಬೀಳುವ ಕಡೆಯ ಗುಡ್ಡದ ಮೇಲೆ ಹಾದಿ ಕಡಿದಾಗಿ ಏರುತ್ತದೆ. ಒಬ್ಬರೇ ನಡೆಯುವಾಗ ಮೊದಲು ಕೇಳಿಸುವುದು ತಮ್ಮದೇ ಉಸಿರು. ಅದು ಇಷ್ಟು ಗದ್ದಲ ಮಾಡುತ್ತದೆಂದು ನಮಗೆ ಗೊತ್ತಿರಲಿಲ್ಲ. ಅದರ ಹಿಂದೆಯೇ ಮನಸ್ಸು ಮಾತನಾಡಲು ತೊಡಗುತ್ತದೆ. ಬಾಲ್ಯದಲ್ಲಿ ಕಂಠಪಾಠ ಮಾಡಿದ ಅಮರಕೋಶದ ಶೈಲವರ್ಗ ತಾನಾಗಿ ನಾಲಿಗೆಗೆ ಬಂತು. ಪರ್ವತಕ್ಕೆ ಹತ್ತಕ್ಕೂ ಮೇಲೆ ಹೆಸರು ಬಲ್ಲೆವು, ಆದರೆ ಸಡಿಲ ಕಲ್ಲಿನ ಮೇಲೆ ಪಾದವನ್ನು ಹೇಗೆ ಊರಬೇಕೆಂಬುದನ್ನು ಬಲ್ಲೆವಲ್ಲ. ಕುಮಾರಸಂಭವದ ಮೊದಲ ಸರ್ಗವನ್ನು ಪಾಠ ಹೇಳಿದವರು ನಾವು, ಅದು ಹಿಮಾಲಯದ ವರ್ಣನೆಯಿಂದಲೇ ತೊಡಗುತ್ತದೆ. ಅದನ್ನು ಹೇಳುವಾಗ ಒಂದು ಸಲವಾದರೂ ಏದುಸಿರು ಬಿಟ್ಟಿದ್ದೆವೆ? ಬೆಟ್ಟಕ್ಕೆ ಅಚಲವೆಂದು ಹೆಸರು. ಕಾಲ ಕೆಳಗೆ ಕಲ್ಲು ಜಾರುತ್ತಿದೆ, ಎದುರಿನ ಇಳಿಜಾರಿನಲ್ಲಿ ಎಲ್ಲಿಯೋ ಬಂಡೆ ಉರುಳಿದ ಸದ್ದು ಬರುತ್ತಿದೆ. ನಮ್ಮ ದೇಶದ ನೆಲವು ಉತ್ತರಕ್ಕೆ ಒತ್ತುತ್ತಿರುವುದರಿಂದ ಈ ಪರ್ವತಗಳು ಇಂದಿಗೂ ಏಳುತ್ತಿವೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಚಲವೆಂದು ಕರೆದವರು ಬಯಲಿನಿಂದ ನೋಡಿರಬೇಕು.

ಆರೂವರೆಯ ಹೊತ್ತಿಗೆ ಬೆಳಕಾಯಿತು. ಹಿಂದೆ ತಿರುಗಿದರೆ ಕೇದಾರಶಿಖರದ ತುದಿಗೆ ಬಿಸಿಲು ಹತ್ತಿತ್ತು, ಕೆಳಗೆ ದೇವಾಲಯ ಬೆಲ್ಲದ ಚೂರಿನಷ್ಟು ಕಾಣುತ್ತಿತ್ತು. ಹುಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಬಂಡೆಗಳ ಸಂದಿಯಲ್ಲಿ ಬ್ರಹ್ಮಕಮಲಗಳು ಒಣಗಿ ಕಾಗದದಂತೆ ಸದ್ದು ಮಾಡುತ್ತಿದ್ದವು. ಹಳದಿ ಕೊಕ್ಕಿನ ಕರಿಯ ಹಕ್ಕಿಗಳು ನಾಲ್ಕೈದು ಹಿಂದೆಯೇ ಬಂದವು, ಬಹುಶಃ ರೊಟ್ಟಿಯ ವಾಸನೆಗೆ. ಆವರೆಗೆ ಎರಡು ಕಡೆ ಒಳ್ಳೆಯ ನೀರಿನ ಝರಿ ದಾಟಿದೆವು. ಎರಡನೆಯದರ ಬಳಿ ಒಂದು ಕ್ಷಣ ನಿಂತೆವು. ಇಲ್ಲಿಯೇ ಕುಳಿತರಾಗದೆ ಎಂದು ಮನಸ್ಸು ಕೇಳಿತು. ಇದಕ್ಕೆ ಹೆಸರೇನಿದೆ ಎಂದು ಅದೇ ಮನಸ್ಸು ಉತ್ತರಿಸಿತು. ಮುಂದೆ ನಡೆದೆವು.

ಒಂಬತ್ತು ಗಂಟೆಯ ಸುಮಾರಿಗೆ ಕಷ್ಟ ತೊಡಗಿತು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಒತ್ತಡದ ಸುಮಾರು ನೂರಕ್ಕೆ ಅರವತ್ತು ಮಾತ್ರ. ಎಷ್ಟು ಎಳೆದರೂ ಉಸಿರು ಸಾಲದು. ಒಣ ಚಳಿಗಾಳಿಯಲ್ಲಿ ಏದುಸಿರಿನೊಡನೆ ದೇಹದ ನೀರು ಹೊರಗೆ ಹೋಗುತ್ತಲೇ ಇರುತ್ತದೆ, ಬೆವರಿನಂತೆ ಅದು ಕಾಣುವುದಿಲ್ಲ. ಹಿಂದಿನ ರಾತ್ರಿಯ ನಂತರ ಹನಿ ನೀರೂ ಹೋಗಿಲ್ಲ. ತಲೆ ಸಿಡಿಯತೊಡಗಿತು. ಇಪ್ಪತ್ತು ಹೆಜ್ಜೆಗೆ ಒಮ್ಮೆ, ಆಮೇಲೆ ಹತ್ತು ಹೆಜ್ಜೆಗೆ ಒಮ್ಮೆ ನಿಂತೆವು. ಅಷ್ಟರಲ್ಲಿ ಕೆಳಗಿನಿಂದ ಮಂಜು ಏರಿ ಬಂದು ಎದುರಿನ ಏಣನ್ನು ಮುಚ್ಚಿತು. ಹಾದಿಯ ಗುರುತಿಗೆ ಒಂದರ ಮೇಲೊಂದು ಇಟ್ಟ ಕಲ್ಲುಗಳಿದ್ದವು. ಒಂದರಿಂದ ಇನ್ನೊಂದು ಕಾಣದಾಯಿತು.

ಆ ವೈದ್ಯರು ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳಿಗೆ ತಾಗಿಸುತ್ತ ನೇರವಾದ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಬೇಕು. ಕುಡಿದವರಂತೆ ಓಲಾಡಿದರೆ ಎತ್ತರದ ಬಾಧೆ ಮಿದುಳಿಗೆ ಮುಟ್ಟಿದೆಯೆಂದು ತಿಳಿದು, ಮರುಮಾತಿಲ್ಲದೆ ಕೆಳಗೆ ಇಳಿಯಬೇಕು. ಸಮತಟ್ಟಾದ ಒಂದಿಷ್ಟು ಜಾಗ ಹುಡುಕಿ ನಡೆದೆವು. ಕಾವಿ ಉಟ್ಟ ಸನ್ಯಾಸಿ ಮಂಜಿನ ನಡುವೆ ಹಗ್ಗದ ಮೇಲಿನ ದೊಂಬರವನಂತೆ ಹೆಜ್ಜೆ ಇಡುತ್ತಿರುವುದನ್ನು ಆ ಹಕ್ಕಿಗಳಷ್ಟೇ ನೋಡಿದವು. ನಾಲ್ಕನೆಯ ಹೆಜ್ಜೆಗೆ ಓಲಿದೆವು. ಮತ್ತೊಮ್ಮೆ ನಡೆದೆವು. ಆರನೆಯ ಹೆಜ್ಜೆಗೆ ಓಲಿದೆವು.

ಭಯವಾಯಿತು. ಮೃತ್ಯುವಿನ ಬಗ್ಗೆ ನಾವು ಪ್ರವಚನಮಾಲೆಯನ್ನೇ ಮಾಡಿದ್ದೇವೆ, ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಅದರ ಒಂದು ಮಾತೂ ಆ ಕ್ಷಣಕ್ಕೆ ಒದಗಲಿಲ್ಲ. ಒದಗಿದ್ದು ಆ ಹುಡುಗನ ಮಾತು. ನಿಮ್ಮ ಚೀಲ ನೀವೇಕೆ ಹಿಡಿಯುವುದಿಲ್ಲ? ಚೀಲವನ್ನು ಹೊತ್ತೇ ಬಂದಿದ್ದೆವು. ಆದರೆ ಎದೆಯ ಮೇಲೆ ಹೊತ್ತ ಲಿಂಗಯ್ಯನನ್ನು ನಾಲ್ಕು ಗಂಟೆಗಳಿಂದ ಪೂಜೆಯಿಲ್ಲದೆ ಕಾಯಿಸಿದ್ದೆವು, ಎರಡು ಝರಿಗಳನ್ನು ದಾಟಿಸಿದ್ದೆವು, ಒಂದು ಹೆಸರಿನ ಸಲುವಾಗಿ. ಇಷ್ಟಲಿಂಗವನ್ನು ಧರಿಸಿದವರಿಗೆ ಕ್ಷೇತ್ರವು ಎಲ್ಲಿದೆಯೆಂದು ಊರೂರಿಗೆ ಹೇಳುತ್ತ ತಿರುಗಿದವರು ನಾವೇ.

ಬಲಗಡೆ ಕಲ್ಲುಗಳ ಕೆಳಗೆ ನೀರಿನ ಸಪ್ಪಳ ಕೇಳಿದಂತಾಯಿತು. ಅಂಗೈ ಅಗಲದ ಹಳ್ಳ, ಮೇಲೆ ಗಾಜಿನಂಥ ಹೆಪ್ಪು. ಕಲ್ಲಿನಿಂದ ಒಡೆದು ಗಿಂಡಿ ತುಂಬಿದೆವು. ಬಂಡೆಗೆ ಬೆನ್ನು ಕೊಟ್ಟು ಕುಳಿತು ವಿಭೂತಿ ಧರಿಸಿದೆವು. ಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡಾಗ ಎಡಗೈ ನಡುಗುತ್ತಿತ್ತು. ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಕೆಳಗೆ ಇಳಿಜಾರು. ಕೈ ಜಾರಿದರೆ? ಇಂಥ ಭಯವನ್ನು ಇಲ್ಲಿ ಕುಳಿತ ಲಿಂಗಧಾರಿಗಳಿಗೆ ವಿವರಿಸಬೇಕಾಗಿಲ್ಲ. ಮಡಿಲಲ್ಲಿ ಕಂಬಳಿಯನ್ನು ತೊಟ್ಟಿಯಂತೆ ಹರಡಿ, ಎಡಗೈಯನ್ನು ಬಲಗೈಯಿಂದ ಹಿಡಿದು ಕೆಲಹೊತ್ತು ಸುಮ್ಮನೆ ಕುಳಿತೆವು. ಮಂತ್ರ ಹೇಳಲು ಉಸಿರಿರಲಿಲ್ಲ. ಪತ್ರೆಯಿರಲಿಲ್ಲ. ನೀರು ಬಿದ್ದಾಗ ಅಂಗೈ ಉರಿಯಿತು. ದೃಷ್ಟಿ ಮಾತ್ರ ಅಲ್ಲಿ ನಿಂತಿತು. ಎಷ್ಟು ಹೊತ್ತೆಂದು ತಿಳಿಯದು. ಮಠದಲ್ಲಿ ಗಂಟೆ ಜಾಗಟೆಗಳ ನಡುವೆ ಮಾಡುವ ಪೂಜೆಯಲ್ಲಿ ಮುಂದಿನ ಕಾರ್ಯಕ್ರಮ ಯಾವ ಊರಿನದು ಎಂಬ ವಿಚಾರ ನಮಗೆ ಬರುವುದುಂಟು. ಅಂದು ಬರಲಿಲ್ಲ.

ಆಮೇಲೆ ಪಾದೋದಕ ತೆಗೆದುಕೊಂಡೆವು, ಗಿಂಡಿಯ ಮೇಲೆ ಗಿಂಡಿ ನೀರು ಕುಡಿದೆವು, ಬೆಲ್ಲ ತಿಂದೆವು, ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಹಿಂಡಿಯೊಡನೆ ತಿಂದೆವು. ಹಕ್ಕಿಗಳಿಗೂ ಪ್ರಸಾದವಾಯಿತು. ಮುಕ್ಕಾಲು ಗಂಟೆಯ ನಂತರ ಪುನಃ ಆ ಹತ್ತು ಹೆಜ್ಜೆ ನಡೆದು ನೋಡಿದೆವು. ನೇರವಾಗಿ ಬಂದವು. ತಲೆನೋವು ಇಳಿದಿತ್ತು. ಇಷ್ಟಾದರೂ ನಾವು ಮಾಡಬೇಕಾದದ್ದು ಅಲ್ಲಿಂದಲೇ ತಿರುಗುವುದು. ಊರಿಗೆ ಬಂದ ಮೇಲೆ ಆ ವೈದ್ಯರು, ಒಮ್ಮೆ ಓಲಾಡಿದ ಮೇಲೆ ಮೇಲಕ್ಕೆ ಒಂದು ಹೆಜ್ಜೆಯನ್ನೂ ಇಡಬಾರದಾಗಿತ್ತು, ಗುರುಗಳೆಂದು ಪರ್ವತವೇನು ಬಿಡುತ್ತದೆಯೇ ಎಂದು ನಮ್ಮನ್ನು ಚೆನ್ನಾಗಿ ಬೈದರು. ಬೈಸಿಕೊಂಡೆವು. ಆದರೆ ಆಗ ಮಂಜು ಸರಿದಿತ್ತು, ಏಣು ಇಲ್ಲಿಯೇ ಇದೆ ಎಂಬಂತೆ ಕಂಡಿತು, ನಡೆದೆವು.

ಏಣಿನ ನೆತ್ತಿಗೆ ಬಂದಾಗ ಗಡಿಯಾರದಲ್ಲಿ ಹನ್ನೆರಡು ದಾಟಿ ಏಳು ನಿಮಿಷ. ಆಚೆ ಕೆಳಗೆ ವಾಸುಕಿತಾಲ. ಸುತ್ತಲೂ ಬರೀ ಕಲ್ಲು, ಹಿಮ. ನಡುವೆ ಗಾಢವಾದ ನೀಲಿ. ನಮ್ಮ ಕಡೆ ಮಡಿಗೆ ನೀಲಿ ಹಾಕುವಾಗ ಮೊದಲ ಹಿಡಿ ಬಿದ್ದ ಕ್ಷಣದ ಬಣ್ಣವದು. ದಂಡೆಗೆ ಅರ್ಧ ಗಂಟೆಯ ಇಳಿಜಾರು ಇದ್ದಿರಬಹುದು. ಇಳಿದು, ಗಿಂಡಿ ತುಂಬಿ, ಮತ್ತೆ ಹತ್ತಿ ಬರಲು ಎರಡು ಗಂಟೆ ಬೇಕು. ಯಾರೂ ನೋಡುತ್ತಿರಲಿಲ್ಲ. ಕೊಟ್ಟ ಮಾತು ಮುರಿದರೆ ಅರ್ಚಕರಿಗೆ ತಿಳಿಯುವುದೂ ಇಲ್ಲ. ಚಪ್ಪಾಳೆ ತಟ್ಟಿದವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ನಿಂತೇ ಇದ್ದೆವು. ಏಳು ನಿಮಿಷ ಹನ್ನೆರಡಾಯಿತು. ಪಶ್ಚಿಮದಿಂದ ಮತ್ತೆ ಮೋಡ ಬಂದು ನೀರಿನ ಒಂದು ಅಂಚನ್ನು ಮುಚ್ಚಿತು. ನಾವು ತಿರುಗಿದೆವು.

ಇಳಿಯುವಾಗ ಮೊಣಕಾಲುಗಳು ಪಲ್ಲಕ್ಕಿಯನ್ನು ನೆನೆದವು. ಅದನ್ನು ಹೆಚ್ಚು ಹೇಳುವುದಿಲ್ಲ. ಎರಡು ಸಲ ಬಿದ್ದೆವು, ಮಳೆಯಂಗಿ ಹರಿಯಿತು. ಬರುವಾಗ ಆ ಹಳ್ಳವನ್ನು ಹುಡುಕಿದೆವು, ಸಿಗಲಿಲ್ಲ. ಬಿಸಿಲಿಗೆ ಎಲ್ಲ ಕಡೆಯ ಹೆಪ್ಪೂ ಕರಗಿ ಅಂಥ ಹಳ್ಳಗಳು ಹತ್ತಾರು ಹರಿಯುತ್ತಿದ್ದವು.

ನಾಲ್ಕೂ ಮುಕ್ಕಾಲಿಗೆ ಕೇದಾರದ ಹತ್ತಿರ ಬಂದೆವು. ಊರಿನ ಆಚೆ ತುದಿಯಲ್ಲಿ, ಹಾದಿ ತೊಡಗುವಲ್ಲಿ, ಆ ವೃದ್ಧ ಅರ್ಚಕರು ಕಂಬಳಿ ಹೊದ್ದು ಕಲ್ಲಿನ ಮೇಲೆ ಕುಳಿತಿದ್ದರು. ಮೂರು ಗಂಟೆಯಿಂದ ಕುಳಿತಿದ್ದರೆಂದು ಮಗ್ಗುಲಲ್ಲಿದ್ದ ಹುಡುಗ ಹೇಳಿದ. ಸರೋವರ ಕಂಡಿರೇ, ಪೂಜೆಯಾಯಿತೇ ಎಂದು ಅವರು ಕೇಳಲಿಲ್ಲ. "ಊಟ ಆತೇನ್ರಿ?" ಎಂದರು. ಎದ್ದು ಬಂದು ನಮ್ಮ ಚೀಲಕ್ಕೆ ಕೈ ಹಾಕಿದರು. ಆರು ದಿನ ಯಾರಿಗೂ ಕೊಡದ ಚೀಲವನ್ನು ಅವರ ಕೈಗೆ ಕೊಟ್ಟೆವು. ಎಪ್ಪತ್ತು ದಾಟಿದ ಅವರು ಅದನ್ನು ಹೊತ್ತು ಮುಂದೆ ನಡೆದರು, ನಾವು ಹಿಂದೆ. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ಅದು ಸೋಲೋ ಏನೋ ಇವತ್ತಿಗೂ ತಿಳಿದಿಲ್ಲ.

ಮಠಕ್ಕೆ ಮರಳಿದ ದಿನ ಭಕ್ತರು ಚಿಕ್ಕ ಚಿಕ್ಕ ಬಾಟಲಿ, ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದರು. ಕೆಲವರು ಆ ದಿನ ಈ ಸಭೆಯಲ್ಲಿಯೂ ಇದ್ದೀರಿ. ಸರೋವರದ ನೀರು ತಂದಿಲ್ಲ, ದಂಡೆಗೆ ಇಳಿಯಲೇ ಇಲ್ಲ ಎಂದಷ್ಟೇ ಹೇಳಿದೆವು. ಉಳಿದದ್ದನ್ನು ಹೇಳುತ್ತಿರುವುದು ಇಂದೇ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸಾಲಿನಲ್ಲಿ ಮುಂದೆ ನಿಂತಿದ್ದ ಮುದುಕಿಯೊಬ್ಬರು ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಹಂಗಾದ್ರ ನಮ್ಮ ಬಾವಿ ನೀರ ಹಾಕ್ರಿ ಅಪ್ಪಾರ. ಇಷ್ಟು ದೂರ ನಡಕೊಂಡು ಬಂದೀನಿ, ನನಗ ನೀರಡಕಿ ಆಗೇದ" ಎಂದರು.

ಸೇವಕರು ಓಡಿ ಬಂದರು. ಅವರನ್ನು ತಡೆದು, ಅದೇ ತಾಮ್ರದ ಗಿಂಡಿ ತೆಗೆದುಕೊಂಡು ನಾವೇ ಬಾವಿಯ ಕಡೆಗೆ ಹೋದೆವು.